ಎಡಬೆನ್ನಿನ ಹತ್ತಿ

ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರು ಅಂಗಡಿಯ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕವರೊಂದನ್ನು ಇಟ್ಟು, "ನಿಮ್ಮಣ್ಣ ಕೊಟ್ಟವ್ರೆ ಕಣಮ್ಮ" ಎಂದು ಹೇಳಿ ಹೋದ. ಹಿಂದೂಪುರದ ಬಸ್‌ಸ್ಟ್ಯಾಂಡಿಗೆ ಅಂಟಿಕೊಂಡಂತೆ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರಿಂದ ಪ್ರಮೀಳಾಗೆ ಇದೊಂದು ಅನುಕೂಲವಿತ್ತು. ತವರಿನ ಬಟ್ಟೆ, ತವರಿನ ಸುದ್ದಿ ಎರಡೂ ಬಾಗಿಲಿಗೇ ಬರುತ್ತಿದ್ದವು. ಅವತ್ತು ಬಂದದ್ದನ್ನು ಬಿಚ್ಚಿ ನೋಡಿದ ಮೇಲೆ, ಈ ಅನುಕೂಲ ಹಾಳಾಗಿ ಹೋಗಲಿ ಎಂದುಕೊಂಡಳು.

ಕವರಿನಲ್ಲಿ ಗಿಣಿಹಸಿರು ರೇಷ್ಮೆಯ ರವಿಕೆ ಕಣ ಇತ್ತು, ಜೊತೆಗೊಂದು ಚೀಟಿ. ಕೈಬರಹ ಅಣ್ಣ ಆದಿನಾರಾಯಣನದು, ಮಾತು ಮಾತ್ರ ಅಕ್ಷರ ಅಕ್ಷರವೂ ಅಮ್ಮ ಎರ್ರಮ್ಮನದು. "ಶುಕ್ರವಾರ ರೊದ್ದಂನೋರು ತನುಜನ ನೋಡಕ್ಕೆ ಬತ್ತಾವ್ರೆ. ಜಾಕೀಟು ಹೋದ್ಸಲ ಹೊಲಿದಂಗೇ ಹೊಲಿ. ಬೆನ್ನು ಗೊತ್ತಾಗಬಾರ್ದು. ಬೆಂಗ್ಳೂರ ಆಸ್ಪತ್ರೆ ಮದ್ವೆ ಆದ್ಮೇಲೆ ನೋಡ್ಕಂಡ್ರಾಯ್ತು."

ಪ್ರಮೀಳಾ ಎರಡು ಸಲ ಓದಿದಳು. ಮೂರನೇ ಸಲ ಓದಲು ಚೀಟಿ ಉಳಿಯಲಿಲ್ಲ, ಚೂರುಚೂರು ಮಾಡಿ ಮೆಷಿನ್ನಿನ ಕೆಳಗೆ ಬಿಸಾಡಿದಳು. "ಥೂ, ನಿಮ್ಮನೆ ಹಾಳಾಗ!" ಎಂದು ಬೈದದ್ದು ಎದುರಿನ ಸೋಡಾ ಅಂಗಡಿಗೂ ಕೇಳಿಸಿತು. ಬೈದದ್ದು ತಾನು ಹುಟ್ಟಿದ ಮನೆಯನ್ನೇ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಹೊಳೆದರೂ ವಾಪಸ್ಸು ತೆಗೆದುಕೊಳ್ಳಲಿಲ್ಲ.

ತನುಜಾ ಅಣ್ಣನ ಒಬ್ಬಳೇ ಮಗಳು, ಹದಿನೈದು ವರ್ಷದವಳು. ಅವಳಿಗೆ ಒಂಬತ್ತಾಗಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಸಾಕಿದ್ದೆಲ್ಲ ಎರ್ರಮ್ಮ. ಹುಡುಗಿಯ ಬಾಯಲ್ಲಿ ಅವಳು 'ಜೇಜಿ', ಆ ಸೀಮೆಯಲ್ಲಿ ತಂದೆಯ ತಾಯಿಯನ್ನು ಕರೆಯುವುದೇ ಹಾಗೆ. ಬರುವ ಸೋಮವಾರ ತನುಜಾಗೆ ಬೆಂಗಳೂರಿನಲ್ಲಿ ಬೆನ್ನಿನ ಆಪರೇಷನ್ನು ಗೊತ್ತಾಗಿತ್ತು. ಖರ್ಚೆಲ್ಲ ಆಸ್ಪತ್ರೆಯ ಟ್ರಸ್ಟಿನದೇ. ಆ ದಿನ ತಪ್ಪಿದರೆ ಮತ್ತೆ ಸರದಿ ಬರಲು ಒಂದು ವರ್ಷ ಎಂದಿದ್ದರು, ಅಷ್ಟರಲ್ಲಿ ಬೆನ್ನು ಇನ್ನೆಷ್ಟು ತಿರುಚಿಕೊಳ್ಳುತ್ತದೋ ಹೇಳಲಾಗದು ಎಂದೂ ಅಂದಿದ್ದರು. ಇದು ಬರೆದವನಿಗೂ ಗೊತ್ತಿತ್ತು, ಬರೆಸಿದವಳಿಗೂ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದರು.

ಆದರೆ ಪ್ರಮೀಳಾಳ ಹೊಟ್ಟೆಗೆ ಬೆಂಕಿ ಹಾಕಿದ್ದು ಅದೊಂದೇ ಅಲ್ಲ. 'ಹೋದ್ಸಲ ಹೊಲಿದಂಗೇ' ಎಂಬ ಮಾತಿತ್ತಲ್ಲ, ಅದು. ಯಾಕೆಂದರೆ ಹೋದ ಸಲ ಹೊಲಿದವಳು ಅವಳೇ. ಅದರ ಹಿಂದಿನ ಸಲವೂ ಅವಳೇ.

ಇವರು ನೇಕಾರರ ಪೈಕಿ. ಹುಡುಗಿ ದೊಡ್ಡವಳಾದಾಗ ಆರತಿಗೆ ಸೀರೆ ಲಂಗ ಯಾರು ಕೊಟ್ಟರೂ ಸರಿ, ರವಿಕೆ ಮಾತ್ರ ಸೋದರತ್ತೆಯ ಕೈಯಿಂದಲೇ ಬರಬೇಕು ಎಂಬುದು ಅವರ ಮನೆಗಳ ಪದ್ಧತಿ. ಮಕ್ಕಳಿಲ್ಲದ ಪ್ರಮೀಳಾಗೆ ಅದು ಬರೀ ಪದ್ಧತಿಯಾಗಿರಲಿಲ್ಲ. ಎರಡು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ, ತನುಜಾಳ ಆರತಿಗೆಂದು ಟೇಪು ಹಿಡಿದು ಕಲ್ಯಾಣದುರ್ಗಕ್ಕೆ ಓಡಿದ್ದಳು. ಭುಜದಿಂದ ಸೊಂಟಕ್ಕೆ ಬಲಗಡೆ ಹದಿನಾಲ್ಕು ಇಂಚು ಬಂತು. ಎಡಗಡೆ ಹದಿಮೂರೂವರೆ. ಟೇಪು ಜಾರಿರಬೇಕೆಂದು ಇನ್ನೊಮ್ಮೆ ಹಿಡಿದಳು. ಅಷ್ಟೇ ಬಂತು. ಬಲಗಡೆಯ ಬೆನ್ನಿನ ಎಲುಬು ತುಸು ಆಚೆಗೆ ಬಂದಹಾಗಿತ್ತು.

ಅಲ್ಲೇ ಬಾಯಿಬಿಟ್ಟು ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೇಳಲಿಲ್ಲ. ನಿರ್ಮಲಮ್ಮ ಎಂಬ ಹಳೇ ಟೈಲರಮ್ಮನ ಹತ್ತಿರ ಕೆಲಸ ಕಲಿತವಳು ಪ್ರಮೀಳಾ. ಆಯಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದಳು: "ಹೆಣ್ಮಕ್ಳು ನಮ್ಮನ್ನ ನಂಬಿ ಮೈಯಿ ಅಳೆಸ್ಕೊಳ್ತಾರೆ. ಒಂದ್ಕಡೆ ದಪ್ಪ ಇರ್ತದೆ, ಒಂದ್ಕಡೆ ಸಣ್ಣ ಇರ್ತದೆ. ಕಂಡಿದ್ದನ್ನ ಅವ್ರಿಗೂ ಹೇಳ್ಬ್ಯಾಡ, ಇನ್ನೊಬ್ರಿಗೂ ಹೇಳ್ಬ್ಯಾಡ. ಬಟ್ಟೇಲಿ ಸರಿ ಮಾಡು, ಬಾಯಿ ಮುಚ್ಕಂಡಿರು." ಇಪ್ಪತ್ತು ವರ್ಷದಿಂದ ಪ್ರಮೀಳಾ ಆ ಮಾತಿಗೆ ತಪ್ಪಿರಲಿಲ್ಲ. ಹಿಂದೂಪುರದ ಅರ್ಧ ಊರಿನ ಹೆಂಗಸರು ಅವಳ ಅಂಗಡಿಗೇ ಬರುತ್ತಿದ್ದುದು ಅದಕ್ಕೇ.

ಹಾಗೆ ಬಟ್ಟೆಯಲ್ಲಿ ಸರಿ ಮಾಡಿದಳು. ಬಲಬೆನ್ನಿನ ತುಂಡನ್ನು ಅರ್ಧ ಇಂಚು ಉದ್ದಕ್ಕೆ ಕತ್ತರಿಸಿ, ಎಡಬೆನ್ನಿನ ಲೈನಿಂಗಿನೊಳಗೆ ತೆಳ್ಳಗೆ ಹತ್ತಿ ಇಟ್ಟು ಹೊಲಿದಳು. ಆರತಿಯ ದಿನ ಬಂದವರೆಲ್ಲ "ಏನ್ ಫಿಟಿಂಗಮ್ಮ, ಗೊಂಬೆ ಇದ್ದಂಗೈತೆ" ಎಂದು ಹೊಗಳಿದ್ದೇ ಹೊಗಳಿದ್ದು. ಪ್ರಮೀಳಾ ಹಿಗ್ಗಿ ಹೀರೇಕಾಯಿಯಾದಳು.

ಆಮೇಲೆ ಹಬ್ಬಕ್ಕೊಂದು ರವಿಕೆ. ಅವಳ ಅಳತೆ ಪುಸ್ತಕದಲ್ಲಿ ತನುಜಾಗೆಂದೇ ಒಂದು ಹಾಳೆ ಇತ್ತು. ಆ ವರ್ಷದ ದಸರಾಕ್ಕೆ ಎರಡೂ ಕಡೆಯ ವ್ಯತ್ಯಾಸ ಮುಕ್ಕಾಲು ಇಂಚು. ಮುಂದಿನ ಯುಗಾದಿಗೆ ಒಂದು. ಅದರ ದಸರಾಕ್ಕೆ ಒಂದೂಕಾಲು. ಈ ವರ್ಷದ ಯುಗಾದಿಗೆ ಒಂದೂಮುಕ್ಕಾಲು. ಪ್ರತಿ ಸಲವೂ ಇವಳು ಇಂಚು ಬರೆದುಕೊಂಡಳು, ಹತ್ತಿ ದಪ್ಪ ಮಾಡಿದಳು. ಬೆಳೆಯುವ ಹುಡುಗಿ, ಸರಿಹೋಗುತ್ತದೆ ಎಂದುಕೊಂಡಳು. ಬಿಂದಿಗೆ ಒಂದೇ ಕಡೆ ಹೊರುತ್ತಾಳೆ, ಅದಕ್ಕೆ ಎಂದುಕೊಂಡಳು. "ಇದ್ಯಾಕತ್ತೆ ಇಲ್ಲಿ ಮೆತ್ತಗೈತೆ?" ಎಂದು ಹುಡುಗಿ ಕೇಳಿದಾಗ "ಈಗಿನ ಫ್ಯಾಷನ್ನು ಕಣೆ, ಸುಮ್ಕಿರು" ಎಂದು ಗದರಿದಳು. ಕಣ್ಣಿತ್ತು, ಟೇಪಿತ್ತು, ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿತ್ತು. ಬುದ್ಧಿ ಮಾತ್ರ ಎಲ್ಲಿ ಮೇಯಲು ಹೋಗಿತ್ತೋ.

ಮೇ ತಿಂಗಳ ರಜೆಗೆ ತನುಜಾ ಹಿಂದೂಪುರಕ್ಕೆ ಬಂದಳು. ಕೊಳಾಯಿಯಿಂದ ಎರಡು ಕೊಡ ನೀರು ತಂದವಳು ಹೊಸ್ತಿಲ ಮೇಲೆ ಕುಸಿದು ಕೂತು ಮೂಗು ಬಾಯಿ ಎರಡರಲ್ಲೂ ಉಸಿರು ಎಳೆಯತೊಡಗಿದಳು. ಪ್ರಮೀಳಾಳ ಗಂಡ ಚೌಡೇಶ್ ಪವರ್‌ಲೂಮಿನಿಂದ ಊಟಕ್ಕೆ ಬಂದವನು ನೋಡಿ, "ಇದು ಬಿಸಿಲಿಗಲ್ಲ ಕಣೆ, ಮೊದ್ಲು ಡಾಕ್ಟ್ರತ್ರ ಕರ್ಕಂಡೋಗು" ಎಂದ.

ಲೇಡಿ ಡಾಕ್ಟರು ಎದೆ ಬೆನ್ನು ಕೇಳಿಸಿಕೊಂಡು, ಹುಡುಗಿಯನ್ನು ನಿಲ್ಲಿಸಿ, "ಜೇಜಿ ಕಾಲಿಗೆ ಹೆಂಗೆ ನಮಸ್ಕಾರ ಮಾಡ್ತೀಯ? ಹಂಗೆ ಬಗ್ಗು, ಮಂಡಿ ಮಡಿಸ್ಬೇಡ" ಎಂದರು. ತನುಜಾ ಬಗ್ಗಿದಳು. ಬಲಗಡೆಯ ಪಕ್ಕೆಲುಬು ಮೊರದಂತೆ ಎದ್ದು ನಿಂತಿತು, ಎಡಗಡೆ ತಗ್ಗು ಬಿತ್ತು. ಪ್ರಮೀಳಾ ಅಷ್ಟು ವರ್ಷ ಅಳೆದದ್ದು ನಿಂತ ಹುಡುಗಿಯನ್ನು. ಬಗ್ಗಿದ ಬೆನ್ನನ್ನು ಅವಳು ಎಂದೂ ನೋಡಿರಲಿಲ್ಲ.

ಡಾಕ್ಟರು ಮಂಚದ ಮೇಲೆ ಬಿಚ್ಚಿಟ್ಟಿದ್ದ ರವಿಕೆಯನ್ನು ಎತ್ತಿ, ಎಡಬೆನ್ನನ್ನು ಬೆರಳಲ್ಲಿ ಹಿಸುಕಿ ನೋಡಿದರು. "ಎವರಮ್ಮಾ ಈ ಜಾಕೆಟ್ ಕುಟ್ಟಿಂದಿ?" ಎಂದು ತೆಲುಗಿನಲ್ಲಿ ಕೇಳಿದರು. ಇದನ್ನು ಹೊಲಿದವರು ಯಾರು ಎಂದು.

"ಯಾರೋ ಟೈಲರು ಮೇಡಂ" ಎಂದುಬಿಟ್ಟಳು ಪ್ರಮೀಳಾ.

ತನುಜಾ ತಲೆ ಎತ್ತಿ ಅತ್ತೆಯ ಮುಖ ನೋಡಿದಳು.

"ಯಾರೋ ಟೈಲರಿಗೆ ಆಗಲೇ ಗೊತ್ತಾಗಿದೆ ನೋಡಮ್ಮ. ನಿಮಗ್ಯಾರಿಗೂ ಗೊತ್ತಾಗಿಲ್ಲ" ಎಂದು ಡಾಕ್ಟರು ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಪ್ರಮೀಳಾ, ತನುಜಾ, ಅಣ್ಣ ಮೂವರೂ ಹೋದರು. ಆದಿನಾರಾಯಣ ಬಂದನೇನೋ ನಿಜ. ಎಕ್ಸ್‌ರೇ ತೆಗೆಯುವ ಹೊತ್ತಿಗೆ ಹೊರಗೆ ಬೀಡಿ ಸೇದಲು ಹೋದವನು, ಡಾಕ್ಟರು ಮಾತು ಮುಗಿಸುವ ಹೊತ್ತಿಗೆ ಬಂದ. ಹೆಣ್ಣುಮಗಳ ಬೆನ್ನಿನ ಮಾತು, ತಾನು ನಿಂತು ಕೇಳುವುದು ಹೇಗೆ ಎಂದು ಅವನಿಗೆ ಸಂಕೋಚ. ಪ್ರಮೀಳಾಗೆ ಆ ಸಂಕೋಚವನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಇಂಗ್ಲಿಷಿನ 'ಎಸ್' ಅಕ್ಷರದ ಹಾಗೆ ಹೊರಳಿತ್ತು. ಡಾಕ್ಟರು ವಯಸ್ಸಾದವರು, ನಿಧಾನಕ್ಕೆ ಮಾತಾಡುವವರು. ಸ್ಕೇಲಿಟ್ಟು ಗೆರೆ ಎಳೆದು, "ಐವತ್ತೆಂಟು ಡಿಗ್ರಿ" ಎಂದರು. ಇದು ಕೂರುವುದರಿಂದ, ಭಾರ ಹೊರುವುದರಿಂದ ಬಂದದ್ದಲ್ಲ, ಬೆಳೆಯುವ ವಯಸ್ಸಿನಲ್ಲಿ ಕೆಲವರಿಗೆ ತಾನಾಗಿ ಬರುತ್ತದೆ, ಕಾರಣ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದರು. ಆಮೇಲೆ ತನುಜಾಳನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು:

"ನೋಡಮ್ಮ, ನಿನ್ನ ಬೆನ್ನು, ನಿನಗೇ ಹೇಳ್ತೀನಿ. ಇಪ್ಪತ್ತೈದು ಮೂವತ್ತು ಇದ್ದು, ಇನ್ನೂ ಎತ್ತರ ಬೆಳೀತಾ ಇದ್ರೆ, ಒಂದು ಬೆಲ್ಟ್ ಹಾಕಿ ತಡೀಬಹುದು. ಐವತ್ತು ದಾಟಿದ್ಮೇಲೆ ಬೆಲ್ಟು ಕೇಳೋದಿಲ್ಲ. ಹಾಗೇ ಬಿಟ್ರೆ ದೊಡ್ಡವಳಾದ್ಮೇಲೂ ವರ್ಷಕ್ಕೆ ಒಂದೊಂದು ಡಿಗ್ರಿ ಏರ್ತಾನೇ ಹೋಗ್ತದೆ, ಶ್ವಾಸಕೋಶಕ್ಕೆ ಜಾಗ ಸಾಲದು. ಉಳಿದಿದ್ದು ಆಪರೇಷನ್. ಅದರಲ್ಲಿ ಎರಡು ದಾರಿ. ಪಕ್ಕದಿಂದ, ಪಕ್ಕೆಲುಬಿನ ಸಂದಿಯಿಂದ ಹೋಗಿ ಮಾಡೋದೊಂದು. ಅದರಲ್ಲಿ ಕಮ್ಮಿ ಮೂಳೆ ಜೋಡಿಸಿದ್ರೆ ಸಾಕು, ಆದ್ರೆ ಸೊಂಟದ ಹತ್ರ ಬಾಗಿರೋರಿಗೆ ಅದು ಚೆನ್ನ. ನಿಂದು ಮೇಲೆ ಬಾಗಿದೆ. ಅದಕ್ಕೆ ಬೆನ್ನಿನ ಕಡೆಯಿಂದ್ಲೇ ಮಾಡಬೇಕು. ಒಂದೊಂದು ಮೂಳೆಗೂ ಸ್ಕ್ರೂ ಹಾಕಿ, ಎರಡು ಕಂಬಿ ಕೂರಿಸಿ, ನೆಟ್ಟಗೆ ಎಳೆದು ಬಿಗೀತೀವಿ. ಆಮೇಲೆ ಅಷ್ಟು ಮೂಳೆ ಬೆಸೆದು ಒಂದೇ ಆಗ್ತವೆ."

"ಬಗ್ಗಕ್ಕಾಯ್ತದಾ ಸಾರ್?" ತನುಜಾ ಕೇಳಿದಳು.

"ಸೊಂಟದಿಂದ ಬಗ್ಗಬಹುದು. ಆ ಭಾಗ ಮಾತ್ರ ಬಾಗೋದಿಲ್ಲ, ತಿರುಗೋದಿಲ್ಲ."

"ಪೂರಾ ನೆಟ್ಟಗಾಯ್ತೀನಾ?"

"ಪೂರಾ ಆಗಲ್ಲ. ಐವತ್ತೆಂಟು ಇರೋದು ಇಪ್ಪತ್ತರ ಆಸುಪಾಸಿಗೆ ಬರಬಹುದು. ಅಪಾಯ ಇಲ್ಲ ಅಂತ ಸುಳ್ಳು ಹೇಳೋದಿಲ್ಲ. ನರಕ್ಕೆ ಪೆಟ್ಟಾದ್ರೆ ಕಾಲಿಗೆ ತೊಂದ್ರೆ. ನೂರಕ್ಕೆ ಒಬ್ಬರಿಗೂ ಆಗೋದಿಲ್ಲ, ಆದ್ರೂ ನಾವು ಮಧ್ಯದಲ್ಲಿ ನಿನ್ನ ಅರ್ಧ ಎಬ್ಬಿಸಿ, ಕಾಲು ಅಲ್ಲಾಡಿಸು ಅಂತೀವಿ. ನಿನಗೆ ಆಮೇಲೆ ನೆನಪಿರೋದಿಲ್ಲ."

ಹುಡುಗಿ ತನ್ನ ಕಾಲನ್ನೇ ನೋಡಿಕೊಂಡು, "ಅಲ್ಲಾಡಿಸ್ತೀನಿ" ಎಂದಳು.

ಡಾಕ್ಟರು ಆಗ ಪ್ರಮೀಳಾಳ ಕಡೆ ತಿರುಗಿದರು. "ಇದು ಎಷ್ಟು ಬೇಗ ಏರ್ತಾ ಇದೆ ಅಂತ ಗೊತ್ತಾಗಬೇಕು. ಬೇಗ ಏರ್ತಿದ್ರೆ ಸರದಿಯಲ್ಲಿ ಮುಂದೆ ಹಾಕ್ತೀನಿ. ಹಳೇ ಎಕ್ಸ್‌ರೇ ಏನಾದ್ರೂ ಇದೆಯಾ?"

ಎಕ್ಸ್‌ರೇ ಎಲ್ಲಿಂದ ಬರಬೇಕು? ಪ್ರಮೀಳಾಳ ಚೀಲದಲ್ಲಿ ಇದ್ದದ್ದು ಅಳತೆ ಪುಸ್ತಕ. ಬೆಂಗಳೂರಿಗೆ ಹೊರಟಾಗ ಯಾಕೆ ಅದನ್ನು ಚೀಲಕ್ಕೆ ಹಾಕಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ತೆಗೆದು ಮೇಜಿನ ಮೇಲೆ ಇಟ್ಟಳು. "ನಾನೇ ಸಾರ್ ಹೊಲಿದಿದ್ದು. ಬಲಗಡೆ ಇಷ್ಟು, ಎಡಗಡೆ ಇಷ್ಟು. ತಾರೀಖು ಐತೆ."

ಡಾಕ್ಟರು ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಓದಿದರು. "ಚೆನ್ನಾಗಿ ಬರೆದಿದೀರಿ" ಎಂದರು. ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ಮೇಲಿತ್ತು. ಕೊನೆಯ ಆರು ತಿಂಗಳಲ್ಲೇ ಅರ್ಧ ಇಂಚು ಏರಿದ್ದನ್ನು ನೋಡಿ, ಜುಲೈ ತಿಂಗಳ ಸೋಮವಾರವೊಂದನ್ನು ಬರೆದುಕೊಟ್ಟರು. ತಂದೆಯ ಸಹಿ ಬೇಕಾದ ಒಪ್ಪಿಗೆಯ ಫಾರಂ ಕೊಟ್ಟರು.

"ಈ ಮೊದಲ್ನೇ ಸಾಲು ಬರೆದಾಗ್ಲೇ ಬಂದಿದ್ರೆ ಸಾರ್?" ಪ್ರಮೀಳಾ ಕೇಳಿಯೇಬಿಟ್ಟಳು.

"ಬೆಲ್ಟಿನಲ್ಲೇ ನಿಲ್ತಿತ್ತೇನೋ. ಖಂಡಿತ ಅಂತ ಹೇಳೋಕಾಗಲ್ಲಮ್ಮ."

ತನುಜಾ ಆ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಪೂರ್ತಿ ಓದಿದಳು. ಸ್ಟೇಷನ್ನಿಗೆ ಬರುವವರೆಗೂ, ರೈಲಿನಲ್ಲೂ, ಹಿಂದೂಪುರದಲ್ಲಿ ಇಳಿದ ಮೇಲೂ ಅತ್ತೆಯ ಹತ್ತಿರ ಒಂದು ಮಾತಾಡಲಿಲ್ಲ. ಅಪ್ಪನ ಜೊತೆ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಕಿಟಕಿಯಿಂದ ಕೈಯೂ ಬೀಸಲಿಲ್ಲ. ಫಾರಂ ಪ್ರಮೀಳಾಳ ಚೀಲದಲ್ಲೇ ಉಳಿಯಿತು, ಯಾಕೆಂದರೆ ಆದಿನಾರಾಯಣ "ಅಮ್ಮನ್ನ ಒಂದ್ಮಾತು ಕೇಳಿ ಸೈನ್ ಹಾಕ್ತೀನಿ ಬುಡು" ಎಂದಿದ್ದ. ಕೇಳಿದ್ದರ ಫಲವೇ ಈ ಗಿಣಿಹಸಿರು ರವಿಕೆ ಕಣ.

ಹೊಲಿಯುವುದಿಲ್ಲ ಎಂದು ಪ್ರಮೀಳಾ ಹತ್ತು ಸಲ ಹೇಳಿಕೊಂಡಳು. ಹೊಲಿಯದಿದ್ದರೆ ಅಮ್ಮ ಇನ್ನೊಬ್ಬ ಟೈಲರನ್ನು ಹುಡುಕುತ್ತಾಳೆ, ಬಟ್ಟೆಯ ನೆಪವಿಲ್ಲದೆ ಹೋದರೆ ಬಾಗಿಲಲ್ಲೇ ಜಗಳ ತೆಗೆಯುತ್ತಾಳೆ ಎಂದೂ ಹೇಳಿಕೊಂಡಳು. ಬಾಯಿ ಬೈಯುತ್ತಲೇ ಇತ್ತು, ಕೈ ಮಾತ್ರ ಹಳೇ ಕೆಲಸ ಮಾಡಿ ಮುಗಿಸಿತು. ಬಲಕ್ಕೆ ಉದ್ದ, ಎಡಕ್ಕೆ ಹತ್ತಿ. ಗುರುವಾರ ರಾತ್ರಿ ಆ ರವಿಕೆಯನ್ನೂ ಫಾರಮನ್ನೂ ಒಂದೇ ಚೀಲಕ್ಕೆ ತುರುಕಿ, ಶುಕ್ರವಾರ ಮೊದಲನೇ ಬಸ್ಸಿಗೆ ಹೊರಟಳು.

ಕಲ್ಯಾಣದುರ್ಗದ ಮನೆಯಲ್ಲಿ ಕಾಲಿಟ್ಟ ಕೂಡಲೇ ಶುರುವಾಯಿತು.

"ಅಣ್ಣ, ಸೋಮವಾರ ಆಪರೇಷನ್ನಿಟ್ಕಂಡು ಇವತ್ತು ಹೆಣ್ಣು ತೋರಿಸ್ತೀಯಲ್ಲ, ನಿಂಗೇನು ತಲೆ ಕೆಟ್ಟಿತಾ? ಹದಿನೈದು ವರ್ಷದ ಹುಡುಗಿಗೆ ಮದ್ವೆನಾ?"

ಆದಿನಾರಾಯಣ ಅಮ್ಮನ ಮುಖ ನೋಡಿದ. ಸೀರೆ ವ್ಯಾಪಾರದಲ್ಲಿ ಎದುರಿಗಿದ್ದವರ ಬಾಯಿ ಮುಚ್ಚಿಸುವವನು, ಮನೆಯಲ್ಲಿ ಅಮ್ಮನ ಬಾಯಿಯಿಂದಲೇ ಮಾತಾಡುತ್ತಿದ್ದ.

"ಮದ್ವೆ ಅಲ್ಲ ಕಣೆ, ಮಾತು" ಎಂದಳು ಎರ್ರಮ್ಮ. "ಎಲೆ ಅಡಿಕೆ ಬದಲಾಯ್ಸಿ ಇಟ್ಕಂಡ್ರೆ ಮೂರು ವರ್ಷ ಬುಟ್ಟು ಮದ್ವೆ. ಬೆನ್ನು ಪೂರಾ ಕುಯ್ದು ಕಬ್ಬಿಣ ತುಂಬಿದ್ಮೇಲೆ ಯಾವನು ಬತ್ತಾನೆ? ಕಾಲು ಬಿದ್ದೋದ್ರೆ? ನಾನಿನ್ನೆಷ್ಟು ದಿನ ಇರ್ತೀನಿ, ಆಮ್ಯಾಲೆ ಅದನ್ನ ಎತ್ತಿ ಕೂರ್ಸೋರ್ಯಾರು, ನೀನು ಬತ್ತೀಯಾ?"

"ಬತ್ತೀನಿ! ಕುತ್ಕಂಡು ಉಸಿರು ಕಟ್ಟಿ ಸಾಯೋದಕ್ಕಿಂತ ವಾಸಿ ಅಲ್ವಾ?"

"ನಾಲಿಗೆ ಹಿಡ್ಕಂಡು ಮಾತಾಡು. ಇಷ್ಟು ದಿನ ನೀನೇ ಮುಚ್ಚಿಕೊಟ್ಟೆ. ಇನ್ನೊಂದಿನ ಮುಚ್ಚಿದ್ರೆ ನಿನ್ ಗಂಟೇನು ಹೋಯ್ತದೆ?"

ಬಸ್ಸಿನಲ್ಲಿ ಮೂರು ಗಂಟೆ ಕೂತು ಹೊಂದಿಸಿಕೊಂಡು ಬಂದ ಮಾತೆಲ್ಲ ಬಿಟ್ಟು, ಪ್ರಮೀಳಾ ಚೀಲದಿಂದ ರವಿಕೆ ತೆಗೆದಳು. ಎರ್ರಮ್ಮ ಆಗಲೇ ಒಳಗೆ ತಿರುಗಿ, "ಏಯ್ ತನುಜಾ, ನೆನಪೈತಲ್ಲ, ಮಂಡಿಯೂರಿ ನಮಸ್ಕಾರ ಮಾಡ್ಬೇಕು. ಬಗ್ಗಬ್ಯಾಡ, ಏನಂದೆ?" ಎಂದು ಕೂಗಿದಳು. ಹಿಂದೂಪುರದ ಡಾಕ್ಟರು ಬಗ್ಗಿಸಿ ನೋಡಿದ ಸುದ್ದಿ ಕೇಳಿದ ದಿನದಿಂದ ಆ ಮನೆಯಲ್ಲಿ ಹುಡುಗಿ ದೇವರ ಮುಂದೆಯೂ ಬಗ್ಗುವಂತಿರಲಿಲ್ಲ.

ಒಳಕೋಣೆಯಲ್ಲಿ ತನುಜಾ ಲಂಗ ಉಟ್ಟು ಕಾಯುತ್ತಿದ್ದಳು. ಅತ್ತೆ ಕೊಟ್ಟ ರವಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಎಡಬೆನ್ನನ್ನು ಹೆಬ್ಬೆರಳಿಂದ ಒತ್ತಿದಳು. ಹತ್ತಿ ಮೆತ್ತಗೆ ತಗ್ಗಿತು. ಬೆಂಗಳೂರಿನಿಂದ ಬಂದ ಮೇಲೆ ಮೊದಲ ಸಲ ಅವಳು ಅತ್ತೆಯ ಜೊತೆ ಮಾತಾಡಿದಳು.

"ಇದ್ರಲ್ಲೂ ಇಕ್ಕಿದೀಯಾ?"

ಪ್ರಮೀಳಾ ಹೌದೆಂದು ತಲೆಯಾಡಿಸಿದಳು.

"ನಿಂಗೆಲ್ಲಾ ಗೊತ್ತಿತ್ತು. ನಂಗೊಬ್ಬಳ್ಗೆ ಗೊತ್ತಿರ್ಲಿಲ್ಲ. ನನ್ ಬೆನ್ನು ನಂಗೆ ಕಾಣಕಿಲ್ಲ ಅತ್ತೆ, ನಿಂಗೆ ಕಾಣ್ತಿತ್ತು." ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಪ್ರಮೀಳಾಗೆ ಇಷ್ಟು ಉರಿಯುತ್ತಿರಲಿಲ್ಲ. ಹುಡುಗಿ ಗೂಡಿನಲ್ಲಿದ್ದ ಬ್ಲೇಡು ತೆಗೆದು ಅತ್ತೆಯ ಕೈಗೆ ಕೊಟ್ಟಳು. "ಇಕ್ಕಿದೋಳು ನೀನು. ನೀನೇ ತೆಗಿ."

ಪ್ರಮೀಳಾ ನೆಲದ ಮೇಲೆ ಕೂತು ಲೈನಿಂಗಿನ ಹೊಲಿಗೆ ಬಿಚ್ಚಿದಳು. ಕಣ್ಣು ಮಂಜಾಗಿ ಒಂದು ಕಡೆ ಬ್ಲೇಡು ಹೆಬ್ಬೆರಳಿಗೆ ತಾಗಿತು. ಹತ್ತಿಯನ್ನು ಪೂರಾ ಎಳೆದು ತೆಗೆದು, ಸೂಜಿಯಲ್ಲಿ ಬಾಯಿ ಹೊಲಿದು, ರವಿಕೆಯನ್ನು ತಾನೇ ತೊಡಿಸಿ ಹುಕ್ಕು ಹಾಕಿದಳು. ಎಡಗಡೆ ಬಟ್ಟೆ ಸುಕ್ಕುಸುಕ್ಕಾಗಿ ಜೋತು ಬಿತ್ತು. ಇಪ್ಪತ್ತು ವರ್ಷದಲ್ಲಿ ಅಷ್ಟು 'ಕೆಟ್ಟ' ಫಿಟಿಂಗು ಅವಳ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ.

ರೊದ್ದಂನಿಂದ ಹುಡುಗನ ತಾಯಿ ಪೋಲಮ್ಮ, ಜೊತೆಗೆ ಅವರ ಕಡೆಯ ಇಬ್ಬರು ಗಂಡಸರು ಬಂದಿದ್ದರು. ತನುಜಾ ಕಾಫಿ ತಟ್ಟೆ ಇಟ್ಟಳು. ಎರ್ರಮ್ಮ ಕಣ್ಣಲ್ಲೇ 'ಮಂಡಿ, ಮಂಡಿ' ಎಂದು ಸನ್ನೆ ಮಾಡುತ್ತಿದ್ದಳು. ತನುಜಾ ಪೋಲಮ್ಮನ ಮುಂದೆ ಹೋಗಿ ನಿಂತು, ದಾವಣಿಯನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಮಡಿಸದೆ ಸೊಂಟದಿಂದ ಬಗ್ಗಿ ಎರಡೂ ಕೈಯಲ್ಲಿ ಆಕೆಯ ಪಾದ ಮುಟ್ಟಿದಳು. ಮುಟ್ಟಿದವಳು ಏಳಲಿಲ್ಲ. ಬಲಬೆನ್ನು ಗಿಣಿಹಸಿರು ರೇಷ್ಮೆಯನ್ನು ಎತ್ತಿಕೊಂಡು ನಿಂತಿತು. ಕೋಣೆಯಲ್ಲಿದ್ದ ಎಲ್ಲರಿಗೂ ಕಂಡಿತು.

"ಏಮಿಟಮ್ಮಾ ಇದಿ?" ಇದೇನಮ್ಮ ಎಂದು ತೆಲುಗಿನಲ್ಲಿ ಕೇಳುತ್ತ ಪೋಲಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ಐವತ್ತೆಂಟು ಡಿಗ್ರಿ ಐತಮ್ಮ" ಬಗ್ಗಿದ ಹಾಗೇ ತನುಜಾ ಹೇಳಿದಳು. "ಸೋಮವಾರ ಬೆಂಗ್ಳೂರಲ್ಲಿ ಆಪರೇಷನ್ನು. ಎರಡು ಕಂಬಿ ಹಾಕ್ತಾರೆ. ನಿಮಗ್ಯಾರೂ ಹೇಳಿರಕಿಲ್ಲ ಅಂತ ನಾನೇ ಹೇಳ್ದೆ."

ಪೋಲಮ್ಮ ಎದ್ದಳು. "ಇಷ್ಟು ದೂರ ಬಸ್ಸಲ್ಲಿ ಕರೆಸಿ ಮೋಸ ಮಾಡಕ್ಕೆ ಹೊರಟಿದ್ರಲ್ಲ ಎರ್ರಮ್ಮ, ನಿಮಗೆ ನಾಚ್ಕೆ ಆಗಲ್ವಾ?" ಎಂದು ಕಾಫಿ ಮುಟ್ಟದೆ ಹೊರಟಳು. ಗಂಡಸರು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದರು.

ಎರ್ರಮ್ಮ ಪ್ರಮೀಳಾಳ ಮೇಲೆ ಬಿದ್ದಳು. "ನಿನ್ ಕೈ ಸೇದೋಗ! ಹತ್ತಿ ತೆಗ್ದಿದ್ದು ನೀನೇ ತಾನೆ? ನನ್ ಮನೆ ಮಾನ ಬೀದಿಗೆ ಹಾಕ್ಬುಟ್ಟೆ!"

"ಹೌದು, ನಾನೇ! ಮಾನ ಮಾನ ಅಂತ ಎರಡು ವರ್ಷ ಆ ಮಗೀನ ಬೆನ್ನಿನ ಮ್ಯಾಲೆ ಹತ್ತಿ ಇಕ್ಕಿದೋಳೂ ನಾನೇ. ನನ್ನ ಬೈಯಿ, ಚೆನ್ನಾಗಿ ಬೈಯಿ, ಅದಕ್ಕೇ ಬಂದಿದೀನಿ. ಆದ್ರೆ ಸೋಮವಾರ ತಪ್ಪಿಸಿದ್ರೆ ಈ ಮನೆ ಹೊಸ್ತಿಲು ತುಳಿಯಕಿಲ್ಲ, ನೀನು ಸತ್ರೂ ಬರಕಿಲ್ಲ!"

ಅಷ್ಟು ಹೊತ್ತೂ ಆದಿನಾರಾಯಣ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಮಗಳು ಮಗುವಾಗಿದ್ದಾಗ ಎಣ್ಣೆ ಹಚ್ಚಿದ ಬೆನ್ನನ್ನು ಅವನು ಮತ್ತೆ ನೋಡಿದ್ದು ಇವತ್ತೇ. ಎರಡು ಹೆಜ್ಜೆ ಮುಂದೆ ಬಂದು, "ಇನ್ನೊಂದ್ಸಲ ಬಗ್ಗವ್ವ. ನೋಡ್ತೀನಿ" ಎಂದ.

"ನೋಡಿದ್ದು ಸಾಕಪ್ಪ" ಎಂದಳು ತನುಜಾ. "ಸೈನ್ ಹಾಕು."

ಪ್ರಮೀಳಾ ಚೀಲದಿಂದ ಫಾರಂ ತೆಗೆದಳು. ಆದಿನಾರಾಯಣ ಅಮ್ಮನ ಮುಖ ನೋಡಲಿಲ್ಲ. ಕಾಫಿ ತಟ್ಟೆ ಪಕ್ಕಕ್ಕೆ ಸರಿಸಿ, ಅದೇ ಸ್ಟೂಲಿನ ಮೇಲಿಟ್ಟು ಸಹಿ ಹಾಕಿದ.

ಸೋಮವಾರ ಆಪರೇಷನ್ನು ಆರು ಗಂಟೆ ಹಿಡಿಯಿತು. ಮಧ್ಯದಲ್ಲಿ ಎಬ್ಬಿಸಿ ಕಾಲು ಅಲ್ಲಾಡಿಸು ಎಂದರಂತೆ, ಅಲ್ಲಾಡಿಸಿದಳಂತೆ. ಐವತ್ತೆಂಟು ಇಪ್ಪತ್ತೊಂದಕ್ಕೆ ಇಳಿಯಿತು. ಎರ್ರಮ್ಮ ಆಸ್ಪತ್ರೆಗೆ ಬರಲಿಲ್ಲ, ಆದರೆ ಹನ್ನೊಂದನೆಯ ದಿನ ಮನೆಗೆ ಬಂದ ಮೊಮ್ಮಗಳಿಗೆ ಬಾಗಿಲಲ್ಲೇ ದೃಷ್ಟಿ ತೆಗೆದು, ಪ್ರಮೀಳಾಳ ಜೊತೆ ಮಾತಾಡದೆ ಒಳಗೆ ಹೋದಳು.

ದೀಪಾವಳಿಗೆ ತನುಜಾ ಹಿಂದೂಪುರಕ್ಕೆ ಬಂದಳು. ಒಂದೂವರೆ ಇಂಚು ಎತ್ತರವಾಗಿದ್ದಳು. ಅಂಗಡಿಯಲ್ಲಿ ನೆಟ್ಟಗೆ ನಿಂತಳು. ಪ್ರಮೀಳಾ ಟೇಪು ಹಿಡಿದು ಬಲಗಡೆ ಅಳೆದಳು, ಎಡಗಡೆ ಅಳೆದಳು. ಅಭ್ಯಾಸ ಬಲದಿಂದ ಬಾಯಿ ಮುಚ್ಚಿಕೊಂಡು ಪೆನ್ಸಿಲ್ ಎತ್ತಿದಳು.

ತನುಜಾ ತಿರುಗಿದಳು. ಬೆನ್ನು ತಿರುಗುವುದಿಲ್ಲವಾದ್ದರಿಂದ ಕಾಲಿನ ಸಮೇತ ಪೂರ್ತಿ ತಿರುಗಿದಳು. "ಯಾಕೆ ಸುಮ್ಕಾದೆ? ಎಷ್ಟೈತೆ?"

"ಅರ್ಧ ಇಂಚು" ಎಂದಳು ಪ್ರಮೀಳಾ. ತಡೆದು, ಜೋರಾಗಿ ಹೇಳಿದಳು. "ಬಲಗಡೆ ಅರ್ಧ ಇಂಚು ಜಾಸ್ತಿ ಐತೆ."

"ಹಂಗೇ ಬರ್ಕ. ಹತ್ತಿ ಇಕ್ಕಬ್ಯಾಡ." ಹುಡುಗಿ ಪುಸ್ತಕದ ಹಾಳೆಯನ್ನು ಒಂದು ಕ್ಷಣ ನೋಡಿದಳು. "ನಿನ್ ಮ್ಯಾಲೆ ಇನ್ನೂ ಸಿಟ್ಟೈತೆ ಅತ್ತೆ."

"ಇರ್ಲಿ ಕಣವ್ವ" ಎಂದಳು ಪ್ರಮೀಳಾ. "ನಂಗೂ ಐತೆ."

ಬೆಂಚಿನ ಮೇಲೆ ತಾಯಿಯೊಬ್ಬಳು ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಬಂದು ಕೂತಿದ್ದಳು. ಆರತಿಗೆ ರವಿಕೆ ಹೊಲಿಸಬೇಕಿತ್ತು. ಪ್ರಮೀಳಾ ಟೇಪನ್ನು ಕೊರಳಿಗೆ ಹಾಕಿಕೊಂಡು ಆ ಹುಡುಗಿಯನ್ನು ಪರದೆಯ ಹಿಂದಕ್ಕೆ ಕರೆದಳು.

"ಬಗ್ಗು ಕಣಮ್ಮ. ಮಂಡಿ ಮಡಿಸ್ಬ್ಯಾಡ."

"ಅದ್ಯಾಕೆ?" ತಾಯಿ ಹುಬ್ಬು ಗಂಟಿಕ್ಕಿದಳು. "ಜಾಕೀಟು ಹೊಲಿಸಕ್ಕೆ ಬಂದಿದೀವಿ. ಅಳ್ತೆ ತಗಳ್ಳಿ, ಸಾಕು."

"ಬಗ್ಗಿದ್ರೆ ಹೊಲಿತೀನಿ. ಇಲ್ದಿದ್ರೆ ಬ್ಯಾರೆ ಅಂಗಡಿ ನೋಡ್ಕಳಿ" ಎಂದಳು ಪ್ರಮೀಳಾ.

ತಾಯಿ ಬಟ್ಟೆ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು. ತನುಜಾ ಬಾಗಿಲಿಗೆ ಅಡ್ಡ ನಿಂತು, ಆ ತಾಯಿಗೆ ತನ್ನ ಬೆನ್ನು ತೋರಿಸಿದಳು. ಕತ್ತಿನಿಂದ ಕೆಳಕ್ಕೆ ಇಳಿದ ಆಪರೇಷನ್ನಿನ ಹೊಲಿಗೆಯ ಗೀರು ರವಿಕೆಯ ಮೇಲಂಚಿನವರೆಗೂ ಕಾಣುತ್ತಿತ್ತು. ತಾಯಿ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಚೀಲವನ್ನು ಬೆಂಚಿನ ಮೇಲಿಟ್ಟು, ಮಗಳ ಕಡೆ ತಿರುಗಿದಳು.

"ಬಗ್ಗು" ಎಂದಳು.